ಎರೆಯ ನಾಡಿನ ಕಷಾಯ

ಧಾರವಾಡದ ಕಡೆ ಯಾರ ಮನೆಯ ಹೊಸ್ತಿಲು ದಾಟಿದರೂ ಮೊದಲು ಕಿವಿಗೆ ಬೀಳುವ ಮಾತು 'ಚಾ ತಗೋತೀರಲ್ರಿ?' ಎಂಬುದು. ಇದು ಪ್ರಶ್ನೆಯಂತೆ ಕೇಳಿಸುವುದೇ ಹೊರತು ಪ್ರಶ್ನೆಯಲ್ಲ. ಹೌದೆಂದರೂ ಒಲ್ಲೆನೆಂದರೂ ಚಹಾ ಬಂದೇ ಬರುತ್ತದೆ. ಒಂದು ದಿನ ನಾಲ್ಕು ಮನೆಗಳಿಗೆ ಮದುವೆಯ ಕರೆ ಕೊಡಲು ಹೋದವನು ಸಂಜೆಗೆ ಪಿತ್ತ ಕೆರಳಿ ಮಲಗುವುದೂ ಉಂಟು. ಈ ಆತಿಥ್ಯ ಎಷ್ಟು ಸಹಜವಾಗಿದೆಯೆಂದರೆ, ಇದು ತಾತ ಮುತ್ತಾತಂದಿರ ಕಾಲದಿಂದಲೂ ಹೀಗೆಯೇ ನಡೆದು ಬಂದಿರಬೇಕೆಂದು ನಮ್ಮಲ್ಲಿ ಬಹುಜನರು ನಂಬಿದ್ದಾರೆ. ವಾಸ್ತವ ಹಾಗಿಲ್ಲ. ನನ್ನ ಅಜ್ಜಿ ಮದುವೆಯಾಗಿ ನವಲಗುಂದ ತಾಲೂಕಿನ ನಮ್ಮ ಹಳ್ಳಿಗೆ ಬಂದಾಗ ಆ ಊರಿನಲ್ಲಿ ಚಹಾ ಇರಲಿಲ್ಲ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಅಥವಾ ಮಜ್ಜಿಗೆ, ಚಳಿಯಲ್ಲಿ ಬಂದವರಿಗೆ ಕಷಾಯ, ಇಷ್ಟೇ ಅಲ್ಲಿಯ ಉಪಚಾರ. ಇಂದು ನಾನು ಹೇಳಬೇಕೆಂದಿರುವುದು ಆ ಕಷಾಯದ ವಿಚಾರ.

ಧಾರವಾಡ ಜಿಲ್ಲೆಯ ಹಳ್ಳಿಗಾಡನ್ನು ಬಲ್ಲವರಿಗೆ ಅಲ್ಲಿಯ ಚಳಿಯ ಪರಿಚಯವೂ ಇದ್ದೀತು. ಹಿಮಾಲಯದವರು ಕೇಳಿದರೆ ನಗಬಹುದಾದ ಚಳಿ ಅದು. ಆದರೆ ಬಯಲಲ್ಲಿ ಬದುಕುವವನಿಗೆ ನಗೆಯ ವಿಷಯವಲ್ಲ. ನವಲಗುಂದ, ಅಣ್ಣಿಗೇರಿಗಳ ಸೀಮೆ ಕಣ್ಣು ಹರಿಯುವವರೆಗೂ ಎರೆ, ಮರವಿಲ್ಲ, ಮರೆಯಿಲ್ಲ. ಮಾರ್ಗಶಿರ, ಪುಷ್ಯಗಳಲ್ಲಿ ಮೂಡಗಾಳಿ ಬೀಸತೊಡಗಿದರೆ ಅದನ್ನು ತಡೆಯುವುದಕ್ಕೆ ಹಿಂಗಾರಿ ಜೋಳದ ದಂಟುಗಳನ್ನು ಬಿಟ್ಟರೆ ಬೇರೇನೂ ಇಲ್ಲ. ತುಟಿ ಒಡೆಯುವುದು, ಹಿಮ್ಮಡಿ ಬಿರಿಯುವುದು, ಮಕ್ಕಳ ಎದೆ ಗೊರಗೊರ ಎನ್ನುವುದು ಆ ತಿಂಗಳುಗಳ ಕಾಣಿಕೆ. ಕಲಘಟಗಿಯ ಕಡೆ ಹೋದರೆ ಮಲೆನಾಡಿನ ಸೆರಗು. ಅಲ್ಲಿ ಕಾಡಿನ ತಂಪು, ಗದ್ದೆಯ ಮಂಜು. ಕುಂದಗೋಳ ಇವೆರಡಕ್ಕೂ ನಡುವೆ. ಜೋಳ ತೆನೆಗಟ್ಟುವ ಹೊತ್ತಿಗೆ ಹಕ್ಕಿ ಕಾಯಲು ನಸುಕಿನಲ್ಲೇ ಅಟ್ಟಣಿಗೆ ಏರಿ ಕವಣೆ ಬೀಸುವವರಿಗೆ ತಂಬಿಗೆಯಲ್ಲಿ ಬಿಸಿ ಕಷಾಯ ಹೋಗುತ್ತಿದ್ದಿತು. ತಂಬಿಗೆಗೆ ಹಳೆಯ ಧೋತರದ ತುಂಡು ಸುತ್ತಿ ಹೊಲಕ್ಕೆ ಒಯ್ಯುವ ಕೆಲಸ ನನ್ನ ಬಾಲ್ಯದಲ್ಲಿ ನನ್ನದೇ ಆಗಿದ್ದಿತು. ದಾರಿಯಲ್ಲಿ ಎರಡು ಗುಟುಕು ಕದಿಯುತ್ತಿದ್ದೆನೆಂಬುದನ್ನು ಈಗ ಒಪ್ಪಿಕೊಳ್ಳಬಹುದು.

'ಕಷಾಯ' ಎಂಬ ಶಬ್ದವೇ ಒಂದು ಸ್ವಾರಸ್ಯದ ವಸ್ತು. ಷಡ್ರಸಗಳಲ್ಲಿ ಒಂದರ ಹೆಸರು ಅದು; ನಾವು ಕನ್ನಡದಲ್ಲಿ ಒಗರು ಎನ್ನುವ ರುಚಿ. ಕುದಿಸಿ ಇಳಿಸಿದ ಮದ್ದಿನ ನೀರಿಗೂ ಅದೇ ಹೆಸರು. ಆಯುರ್ವೇದದಲ್ಲಿ ಕಷಾಯವೆಂದರೆ ಕುದಿಸಿದ್ದು ಮಾತ್ರವಲ್ಲ. ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿದ ಹಿಮ, ಬಿಸಿನೀರು ಸುರಿದು ಸೋಸಿದ ಫಾಂಟ ಎಂದು ಐದು ಬಗೆ. ಶಾರ್ಙ್ಗಧರನ ಸಂಹಿತೆಯ ಪ್ರಕಾರ ಕ್ವಾಥಕ್ಕೆ ಒಂದು ಪಾಲು ಮದ್ದು, ಹದಿನಾರು ಪಾಲು ನೀರು. ಮಣ್ಣಿನ ಪಾತ್ರೆಯಲ್ಲಿಟ್ಟು ಎಂಟನೆಯ ಒಂದು ಭಾಗ ಉಳಿಯುವವರೆಗೆ ಬತ್ತಿಸಬೇಕು. ಕ್ವಾಥದ ಧಾತುವಿನಿಂದಲೇ ಹಿಂದಿಯ, ಮರಾಠಿಯ 'ಕಾಢಾ' ಹುಟ್ಟಿದ್ದು; ನಾವು ಅನ್ನಕ್ಕೆ ಕಲೆಸಿಕೊಳ್ಳುವ ಕಢಿಯೂ ಅದರ ಬಳಗದ್ದೇ. ನಮ್ಮ ಹೆಂಗಸರು ಶಾರ್ಙ್ಗಧರನನ್ನು ಓದಿದವರಲ್ಲ. ಆದರೆ ವೈದ್ಯ ಹೇಳಿ ಮಾಡಿಸುವ ಕಾಢಾ ಬೇರೆ, ಚಳಿಗೆ ಎಲ್ಲರೂ ಕುಡಿಯುವ ಕಷಾಯ ಬೇರೆ ಎಂಬ ವಿವೇಕ ಅವರಿಗಿದ್ದಿತು. ಮೊದಲನೆಯದು ಕಣ್ಣು ಮುಚ್ಚಿ ನುಂಗುವ ಮದ್ದು; ಎರಡನೆಯದು ಇನ್ನೊಂದು ಬಟ್ಟಲು ಕೇಳಿ ಕುಡಿಯುವ ಪಾನೀಯ. ನೀರು ನಾಲ್ಕರಲ್ಲಿ ಒಂದು ಪಾಲು ಬತ್ತಿದರೆ ಎರಡನೆಯದಕ್ಕೆ ಸಾಕು.

ಇದರ ಇತಿಹಾಸ ಹುಡುಕಲು ಹೊರಟವನು ಸಹಜವಾಗಿ ಗ್ರಂಥಗಳ ಕಡೆ ಕೈ ಚಾಚುತ್ತಾನೆ. ಕನ್ನಡದಲ್ಲಿ ಅಂಥ ಗ್ರಂಥಗಳಿಗೆ ಬರವಿಲ್ಲ. ೧೦೨೫ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದನು. ಗಿಡಮರ, ಅಂತರ್ಜಲ, ಸುಗಂಧ, ಅಡುಗೆ, ವೈದ್ಯ ಎಲ್ಲವೂ ಅದರಲ್ಲಿ ಉಂಟು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ನಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದನು. ಮದ್ಯವನ್ನೂ ಮಾಂಸವನ್ನೂ ಮದ್ದಿನಿಂದ ದೂರವಿಟ್ಟ ಜೈನ ವೈದ್ಯಪರಂಪರೆ ಅದು. ಅದೇ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನು ಏನು ಉಣ್ಣಬೇಕು, ಏನು ಕುಡಿಯಬೇಕು ಎಂಬ ವಿವರಗಳು ಯಥೇಚ್ಛವಾಗಿವೆ. ಈ ನಾಡೆಲ್ಲ ಆಗ ಅವನ ರಾಜ್ಯವೇ. ಆದರೆ ನನಗೆ ಬೇಕಾದುದು ಅರಸನ ಪಾನಕವಲ್ಲ, ಅಟ್ಟಣಿಗೆಯ ಮೇಲಿನ ಒಕ್ಕಲಿಗನ ಕಷಾಯ. ಅದನ್ನು ಯಾರೂ ಬರೆದಿಡಲಿಲ್ಲ. ದಿನವೂ ಮಾಡುವುದನ್ನು ಬರೆಯಬೇಕೆಂದು ಯಾರಿಗೂ ತೋರುವುದಿಲ್ಲ. ಮಾಡುವವರಿಗೆ ಬರೆಯಲು ಬರುತ್ತಿರಲಿಲ್ಲ, ಬರೆಯಬಲ್ಲವರು ಒಲೆಯ ಮುಂದೆ ಕುಳಿತವರಲ್ಲ. ಆದಿಕವಿ ಪಂಪನ ತಾಯಿಯ ಕಡೆಯ ಊರು ನಮ್ಮ ಅಣ್ಣಿಗೇರಿ. ಅದನ್ನು ತಿಳಿಯಲು ಕುರ್ಕಿಯಾಲದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಕೊರೆಯಿಸಿದ ಶಾಸನವಾದರೂ ಇದೆ. ಆ ತಾಯಿ ಮಗನಿಗೆ ಕೆಮ್ಮು ಬಂದಾಗ ಏನು ಕಾಸಿ ಕೊಟ್ಟಳೆಂಬುದಕ್ಕೆ ಶಾಸನವಿಲ್ಲ.

ಹಾಗಿರುವಾಗ ನಮಗೆ ಉಳಿದಿರುವ ದಾಖಲೆ ಕಷಾಯದ ಪುಡಿಯೊಂದೇ. ಅದನ್ನೇ ಒಂದು ಹಸ್ತಪ್ರತಿಯಂತೆ ಓದಬೇಕು. ನಮ್ಮ ಕಡೆಯ ಪುಡಿಯಲ್ಲಿ ಮುಖ್ಯವಾದುದು ಹವೀಜ, ಎಂದರೆ ಮೈಸೂರಿನವರು ಕೊತ್ತಂಬರಿ ಬೀಜವೆನ್ನುವುದು. ಅದು ನಮ್ಮ ಹೊಲದ್ದು. ಕಡಲೆಯ ಹೊಲದಲ್ಲಿ ನಾಲ್ಕು ಸಾಲು ಬಿತ್ತಿದರೆ ಮನೆಯ ವರ್ಷದ ಖರ್ಚಿಗೆ ಆಗುತ್ತಿದ್ದಿತು. ಉಳಿದುದೆಲ್ಲ ಪರಸ್ಥಳದ್ದು. ಜೀರಿಗೆ ಉತ್ತರದಿಂದ ಬಂದದ್ದು; ಮೆಣಸು, ಏಲಕ್ಕಿ, ಶುಂಠಿ ಘಟ್ಟದ ಕಡೆಯವು. ರೈಲು ಬರುವುದಕ್ಕೆ ಮುನ್ನ ಈ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದಿತು. ಧಾರವಾಡದ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ 'ಕುಮಟಾ' ಎಂದೇ ಹೆಸರು ನಿಂತುದು ಆ ಕಾರಣದಿಂದ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಕಲಘಟಗಿ, ಯಲ್ಲಾಪುರಗಳ ಮೂಲಕ ಕಾರವಾರಕ್ಕೆ ಹೋಗುವ ದಾರಿಗೂ ಮಹತ್ವ ಬಂದಿತು. ಹತ್ತಿ ಇಳಿಸಿದ ಗಾಡಿ ಬರಿದಾಗಿ ಹಿಂದಿರುಗುವುದುಂಟೆ? ಉಪ್ಪು, ತೆಂಗಿನಕಾಯಿ, ಅಡಕೆ, ಮೆಣಸು ಹೇರಿಕೊಂಡು ಬರುತ್ತಿದ್ದಿತು. ಎರೆಯ ಹಳ್ಳಿಯ ಕಷಾಯದಲ್ಲಿ ಮಲೆನಾಡಿನ ಮೆಣಸು ಬಿದ್ದುದು ಹತ್ತಿಯ ಗಾಡಿಯ ಋಣ.

ಇನ್ನೊಂದು ಮಾತು. ಕುಂದಗೋಳ, ಹುಬ್ಬಳ್ಳಿಯ ಸುತ್ತಲಿನ ಹೊಲಗಳು ಕೆಂಪು ಮೆಣಸಿನಕಾಯಿಗೆ ಹೆಸರಾದುವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ನಮ್ಮ ಮೆಣಸಿನ ಹೆಸರನ್ನೇ ಸಾಲ ಪಡೆದು, ಬರಬರುತ್ತ ಅಡುಗೆಮನೆಯನ್ನೆಲ್ಲ ಆಕ್ರಮಿಸಿಕೊಂಡಿತು. ಸಾರು, ಪಲ್ಯ, ಚಟ್ನಿ ಎಲ್ಲದರಿಂದಲೂ ಮೆಣಸನ್ನು ಓಡಿಸಿದ ಆ ಕಾಯಿಗೆ ಕಷಾಯದ ಬೋಗುಣಿಯೊಳಗೆ ಮಾತ್ರ ಇಂದಿಗೂ ಪ್ರವೇಶ ದೊರೆತಿಲ್ಲ. ಅಲ್ಲಿ ಖಾರವೆಂದರೆ ಮೆಣಸು, ಶುಂಠಿ, ಕೆಲವರ ಮನೆಯಲ್ಲಿ ಹಿಪ್ಪಲಿ, ಆಯುರ್ವೇದದ ತ್ರಿಕಟು. ಕಷಾಯವು ಪೋರ್ಚುಗೀಸರಿಗಿಂತ ಹಿಂದಿನ ಅಡುಗೆಮನೆಯ ಪಳೆಯುಳಿಕೆ ಎಂದು ನಾನು ಹೇಳುವುದು ಈ ಆಧಾರದಿಂದ. ಮದ್ದಿನ ವಿಷಯದಲ್ಲಿ ಜನ ಅಡುಗೆಗಿಂತ ಹೆಚ್ಚು ಸಂಪ್ರದಾಯಸ್ಥರು.

ಕಷಾಯದ ಗುಣವನ್ನು ಕೊಂಡಾಡುವವರು ಶುಂಠಿಯನ್ನೂ ತುಳಸಿಯನ್ನೂ ಹೊಗಳುತ್ತಾರೆ, ನೀರನ್ನು ಮರೆಯುತ್ತಾರೆ. ನವಲಗುಂದದ ಸೀಮೆಯಲ್ಲಿ ನೀರನ್ನು ಮರೆಯುವಂತಿಲ್ಲ. ಎರೆಯಲ್ಲಿ ಬಾವಿ ತೋಡಿದರೆ ಬರುವುದು ಸವಳು ನೀರು. ಕುಡಿಯುವುದಕ್ಕೆ ಕೆರೆಯೇ ಗತಿ. ಮಳೆಗಾಲದಲ್ಲಿ ತುಂಬಿದ ನೀರನ್ನು ಬೇಸಿಗೆಯವರೆಗೂ ಜನ, ದನ ಎಲ್ಲ ಕೂಡಿ ಉಪಯೋಗಿಸಬೇಕು. ಕಾಲರಾ, ನಾರುಹುಣ್ಣುಗಳು ಇಂಥ ನೀರಿನ ಜೊತೆಗಾರರು. ನಮ್ಮ ದೇಶ ನಾರುಹುಣ್ಣಿನಿಂದ ಮುಕ್ತವಾಯಿತೆಂದು ಸಾರಿದ್ದು ೨೦೦೦ದಲ್ಲಿ. ಅಂಥ ನೀರು ಕಷಾಯದ ನೆವದಿಂದ ದಿನಕ್ಕೊಮ್ಮೆಯಾದರೂ ಕುದಿಯುತ್ತಿದ್ದಿತು ಎಂಬುದನ್ನು ಗಮನಿಸಬೇಕು. ಗಾಂಧೀಜಿಯವರು ೧೯೪೨ರಲ್ಲಿ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ ಚಹಾದ ಬಗೆಗೆ ಒಂದು ಚಮತ್ಕಾರದ ವಿವರಣೆ ಇದೆ. ಚೀನದಲ್ಲಿ ಶುದ್ಧ ನೀರು ಸಿಗುವುದು ಕಷ್ಟವಾದುದರಿಂದ ಕುದಿಸಿ ಕುಡಿಯುವುದು ಅಗತ್ಯವಾಯಿತು. ನೀರು ನಿಜವಾಗಿ ಕುದಿದಿದೆಯೋ ಇಲ್ಲವೋ ಎಂಬುದನ್ನು ಹೊನ್ನಿನ ಬಣ್ಣ ಬಿಟ್ಟು ತೋರಿಸುವ ಒಂದು ಎಲೆ ಸಿಕ್ಕಿತು, ಅದೇ ಚಹಾ ಎಂಬುದು ಅವರ ಅಭಿಪ್ರಾಯ. ಚಹಾವನ್ನು ಅವರು ಮೆಚ್ಚಲಿಲ್ಲ. ಬಹಳ ಹೊತ್ತು ಕುದಿಸಿದರೆ ಎಲೆಯಿಂದ ಇಳಿಯುವ ಟ್ಯಾನಿನ್ ಕೆಟ್ಟದ್ದೆಂದರು. ಆದರೆ ಈ ವಿವರಣೆಯನ್ನು ನಮ್ಮ ಕಷಾಯಕ್ಕೆ ಅನ್ವಯಿಸಿದರೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಅನ್ನಿಸಿದೆ. ಘಮ ಮನೆಯ ಹೊರಗೆ ಬರುವವರೆಗೆ ಇಳಿಸಬಾರದು ಎಂಬುದು ನಮ್ಮ ಅಜ್ಜಿಯ ಲೆಕ್ಕ.

ಹಾಗೆಂದು ಕಷಾಯಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಹ್ಯಾಫ್‌ಕಿನ್ನನ ಲಸಿಕೆಯನ್ನು ಸಾವಿರ ಸಾವಿರ ಜನರಿಗೆ ಚುಚ್ಚಲಾಯಿತು. ಆ ಗುಡಿಸಲುಗಳ ಒಲೆಯ ಮೇಲೆಯೂ ಕಷಾಯ ಕುದಿದಿರಲೇಬೇಕು. ಪ್ಲೇಗು ಅದಕ್ಕೆ ಜಗ್ಗಲಿಲ್ಲ. ೧೯೧೮ರ ಇನ್ಫ್ಲುಯೆಂಜಾ ಇನ್ನೂ ಘೋರವಾದುದು. ಆ ವರ್ಷ ಮಳೆಯೂ ಕೈಕೊಟ್ಟಿದ್ದಿತು. ಭಾದ್ರಪದದಿಂದ ದೀಪಾವಳಿಯವರೆಗಿನ ಕೆಲವೇ ವಾರಗಳಲ್ಲಿ ಮುಂಬಯಿ ಇಲಾಖೆಯೊಂದರಲ್ಲೇ ಹತ್ತು ಲಕ್ಷಕ್ಕೂ ಮಿಗಿಲಾಗಿ ಜನ ಸತ್ತರೆಂದು ಲೆಕ್ಕ. ಆಗ ನಮ್ಮ ಅಜ್ಜಿ ಹದಿನಾಲ್ಕು ವರ್ಷದ ಹೊಸ ಸೊಸೆ. ಮನೆಯಲ್ಲಿ ಹನ್ನೊಂದು ಜನ. ಒಬ್ಬರ ಹಿಂದೊಬ್ಬರು ಮಲಗಿದರು. ಎದ್ದು ಓಡಾಡುವ ಜೀವ ಅವಳೊಬ್ಬಳೇ. ದೊಡ್ಡ ಹಂಡೆಯಲ್ಲಿ ಕಷಾಯ ಕಾಸಿ, ಹಾಸಿಗೆಯಿಂದ ಹಾಸಿಗೆಗೆ ಹೋಗಿ ಬಾಯಿಗೆ ಹಿಡಿದಳು. ನಾಲ್ವರು ಹೋದರು, ಏಳು ಜನ ಉಳಿದರು. ಉಳಿದ ಏಳು ಜನ ಕಷಾಯದಿಂದ ಉಳಿದರೆಂದು ಅವಳು ನಂಬಿದಳು. ಅವಳ ನಂಬಿಕೆಯನ್ನು ನಾನು ಆಕ್ಷೇಪಿಸಲಾರೆ. ಜ್ವರದಲ್ಲಿ ಬೆಂದವನ ಒಣಗಿದ ಬಾಯಿಗೆ ಗಳಿಗೆಗೊಮ್ಮೆ ಬಿಸಿನೀರು, ಬೆಲ್ಲ ಬಿದ್ದರೆ ಅದು ಸಣ್ಣ ಉಪಕಾರವಲ್ಲ. ಬೇರೆ ಮದ್ದಾದರೂ ಯಾವುದಿದ್ದಿತು? ಈ ಮಾತನ್ನು ನಾನು ಮತ್ತೆ ಎತ್ತಿಕೊಳ್ಳಬೇಕಾಗಿದೆ.

ಅಷ್ಟರೊಳಗೆ ಚಹಾ ಬಾಗಿಲಲ್ಲಿ ನಿಂತಿದ್ದಿತು. ಅಸ್ಸಾಮಿನ ಚಹಾ ಲಂಡನ್ನಿನ ಹರಾಜಿಗೆ ಮೊದಲು ಬಂದುದು ೧೮೩೯ರಲ್ಲಿ. ಆದರೆ ಬಹುಕಾಲ ಅದು ರಫ್ತಿನ ಸರಕು. ಬೆಳೆದ ದೇಶದವರು ಅದನ್ನು ಕುಡಿಯುತ್ತಿರಲಿಲ್ಲ. ೧೯೦೩ರಲ್ಲಿ ಚಹಾದ ಮೇಲೆ ಸೆಸ್ ವಿಧಿಸಿ, ಆ ಹಣದಿಂದ ಪ್ರಚಾರ ನಡೆಸುವ ಏರ್ಪಾಡಾಯಿತು. ೧೯೩೦ರ ದಶಕದಲ್ಲಿ ವಿದೇಶಗಳ ಪೇಟೆ ಕುಸಿದಾಗ ತೋಟದ ಒಡೆಯರ ಕಣ್ಣು ಸ್ವದೇಶದ ಕಡೆ ಹೊರಳಿತು. ರೈಲು ನಿಲ್ದಾಣಗಳಲ್ಲಿ, ಜಾತ್ರೆಗಳಲ್ಲಿ, ಗಿರಣಿಗಳ ಬಾಗಿಲಲ್ಲಿ ಚಹಾ ಹಂಚಿದರು. ಅದನ್ನು ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಫಲಕ ಬರೆಸಿ ತೂಗುಹಾಕಿದರು. ನಮ್ಮ ಸೀಮೆಗೆ ರೈಲು ಬಂದುದು ೧೮೮೦ರ ದಶಕದಲ್ಲಿ. ಗದಗಿನಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಅಣ್ಣಿಗೇರಿ, ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ದಾರಿಯಲ್ಲಿ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ. ನವಲಗುಂದಕ್ಕೂ ಕಲಘಟಗಿಗೂ ರೈಲಿನ ಭಾಗ್ಯ ಒದಗಲಿಲ್ಲ. ಅಲ್ಲಿಗೆ ಚಹಾ ಬಂದುದು ಮೋಟಾರಿನಲ್ಲಿ. ನಮ್ಮ ಮನೆಗೆ ಅದನ್ನು ತಂದವನು ಅಜ್ಜಿಯ ತಮ್ಮ, ಅಣ್ಣಿಗೇರಿಯ ನಿಲ್ದಾಣದಿಂದ, ಒಂದು ಸಣ್ಣ ಕಾಗದದ ಪೊಟ್ಟಣದಲ್ಲಿ. 'ತಲಿ ನೋವಿಗೆ ಭಾಳ ಛಲೋ' ಎಂದು ಹೇಳಿ ಕೊಟ್ಟನಂತೆ. ಮದ್ದಾಗಿ ಬರುವುದು ಚಹಾದ ಹಳೆಯ ಉಪಾಯ. ೧೬೬೭ರಲ್ಲಿ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಮನೆಗೆ ಬಂದಾಗ ಅವನ ಹೆಂಡತಿ ನೆಗಡಿಗೆ ಒಳ್ಳೆಯದೆಂದು ಔಷಧದಂಗಡಿಯವನು ಹೇಳಿದ ಚಹಾವನ್ನು ಕಾಸುತ್ತ ಕುಳಿತಿದ್ದಳು. ಅವರ ಕಷಾಯ ನಮಗೆ ಚಹಾ ಆಯಿತು.

ಫಲಕಗಳು ಹೇಳಿದ ಕ್ರಮ ಸುಲಭವಾದುದು: ಕುದಿಯುವ ನೀರನ್ನು ಎಲೆಯ ಮೇಲೆ ಸುರಿಯಿರಿ, ಐದು ನಿಮಿಷ ಮುಚ್ಚಿಡಿ, ಎಲೆಯನ್ನು ಕುದಿಸಬೇಡಿ. ಆಯುರ್ವೇದದ ಲೆಕ್ಕದಲ್ಲಿ ಅದು ಫಾಂಟ. ನಮ್ಮವರು ಮಾಡಿದ್ದೇನು? ಎಲೆಯನ್ನು ಹಾಕಿ ಕುದಿಸಿದರು, ಚೆನ್ನಾಗಿ ಕುದಿಸಿದರು. ಶುಂಠಿ ಜಜ್ಜಿ ಹಾಕಿದರು, ಏಲಕ್ಕಿ ಹಾಕಿದರು, ಚಳಿಗಾಲಕ್ಕೆ ಎರಡು ಕಾಳು ಮೆಣಸು ಹಾಕಿದರು, ನಾಲ್ಕು ಎಸಳು ಗವತಿ ಚಹಾ ಕಿತ್ತು ಹಾಕಿದರು. ಗವತಿ ಚಹಾ ಎಂದರೆ ಹಿತ್ತಲಿನ ನಿಂಬೆಹುಲ್ಲು. ಹುಲ್ಲಿಗೆ ಮರಾಠಿಯಲ್ಲಿ ಗವತ. ಎಲೆ ಅಸ್ಸಾಮಿನದು, ವಿಧಾನ ಕಷಾಯದ್ದು. ಪ್ರಚಾರಕರಿಗೆ ಈ ಮಸಾಲೆಯ ವ್ಯವಹಾರ ಹಿಡಿಸಲಿಲ್ಲ, ಎಲೆಯ ಖರ್ಚು ಕಡಿಮೆಯಾಗುತ್ತದೆಂದು. ಆದರೆ ಜನ ಕೇಳಲಿಲ್ಲ. ಅಸ್ಸಾಮಿನ ಅಮಗೂರಿ ತೋಟದಲ್ಲಿ ಮ್ಯಾಕ್‌ಕರ್ಚರ್ ಎಂಬಾತ ೧೯೩೦ರ ಸುಮಾರಿಗೆ ಎಲೆಯನ್ನು ಹೊಸಕಿ, ಹರಿದು, ಸುರುಳಿಗೊಳಿಸುವ ಯಂತ್ರವನ್ನು ರೂಪಿಸಿದನು. ಅದರಿಂದ ಬಂದ ಹರಳು ಚಹಾ ಹಾಲಿನಲ್ಲಿ ಕುದಿಸಿದಷ್ಟೂ ಬಣ್ಣ ಬಿಡುವಂಥದು. ಸ್ವಾತಂತ್ರ್ಯದ ನಂತರ ಅದು ಅಗ್ಗವಾಗಿ ದೊರೆಯತೊಡಗಿದ ಮೇಲೆ ನಮ್ಮ ಬೋಗುಣಿಗೆ ಹೇಳಿ ಮಾಡಿಸಿದಂತಾಯಿತು. ಚಹಾ ಕಷಾಯವನ್ನು ಸೋಲಿಸಿತೆಂದು ಎಲ್ಲರೂ ಹೇಳುತ್ತಾರೆ. ಕಷಾಯವೇ ಚಹಾವನ್ನು ನುಂಗಿತೆಂದು ಹೇಳುವುದು ಸತ್ಯಕ್ಕೆ ಹೆಚ್ಚು ಸಮೀಪ. ಅದೂ ಒಗರು, ಇದೂ ಒಗರು, ಹೆಸರೂ ತಪ್ಪಲಿಲ್ಲ.

ಇಲ್ಲಿ ಒಂದು ಅಪ್ರಿಯವಾದ ಮಾತನ್ನೂ ಹೇಳಬೇಕು. ಕಷಾಯದ ಕಾಲವನ್ನು ನೆನೆದು ನಿಟ್ಟುಸಿರಿಡುವವರು ಅದು ಒಳಮನೆಯ ಪಾನೀಯವಾಗಿದ್ದಿತು ಎಂಬುದನ್ನು ಮರೆಯುತ್ತಾರೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಗಬಹುದೆಂಬುದು ಜಾತಿಯಿಂದ ನಿಶ್ಚಿತವಾಗಿದ್ದಿತು. ನಮ್ಮ ಅಟ್ಟಣಿಗೆಯ ಪಕ್ಕದ ಹೊಲದಲ್ಲಿ ಅದೇ ಚಳಿಯಲ್ಲಿ ಅದೇ ಹಕ್ಕಿಗಳನ್ನು ಕಾಯುತ್ತಿದ್ದ ಹರಿಜನ ಕೇರಿಯ ಹುಡುಗನಿಗೆ ನನ್ನ ತಂಬಿಗೆಯಿಂದ ಮೇಲೆತ್ತಿ, ಅವನ ಬೊಗಸೆಗೆ ಸುರಿಯಬೇಕಾಗಿದ್ದಿತು. ಬಿಸಿ ಕಷಾಯವನ್ನು ಬೊಗಸೆಯಲ್ಲಿ ಹಿಡಿಯುವುದು ಹೇಗೆ? ಆರುವವರೆಗೆ ಅವನು ಕಾಯುತ್ತಿದ್ದನು. ಚಹಾದ ಅಂಗಡಿ ಬಂದಾಗ ಇದು ನಿಲ್ಲುವುದೆಂದು ಕೆಲವರಾದರೂ ಆಸೆಪಟ್ಟಿರಬೇಕು. ಕಾಸು ಕೊಟ್ಟವನಿಗೆಲ್ಲ ಕಪ್ಪು ಸಿಗುವ ಜಾಗವಲ್ಲವೆ ಅದು? ಆದರೆ ಅಂಗಡಿಯ ಸೂರಿಗೆ ಬೇರೆ ಕಪ್ಪುಗಳು ತೂಗುಬಿದ್ದುವು. ಕುಡಿದವರೇ ತೊಳೆದು ಇಡಬೇಕು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು ಹತ್ತು ವರ್ಷ ಕಳೆದ ಮೇಲೂ ನಾನು ಅವುಗಳನ್ನು ಕಣ್ಣಾರೆ ಕಂಡೆ.

ಇನ್ನು ಮೇಲೆ ನಾನು ಎತ್ತಿಕೊಳ್ಳಬೇಕೆಂದ ಮಾತು. ೧೯೬೭ರ ಚಳಿಗಾಲ, ನನಗೆ ಎಂಟು ವರ್ಷ, ನನ್ನ ತಂಗಿಗೆ ಮೂರು ನಡೆಯುತ್ತಿದ್ದಿತು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿ ಬಂದ ರಾತ್ರಿ ಅವಳಿಗೆ ಕೆಮ್ಮು ಹತ್ತಿತು, ಆಮೇಲೆ ಜ್ವರ. ಅಜ್ಜಿ ಕಷಾಯಕ್ಕೆ ಇಟ್ಟಳು. ಎಂದಿನ ಪುಡಿ, ಜೊತೆಗೆ ಆಡುಸೋಗೆಯ ಎಲೆ. ಅಗ್ಗಿಷ್ಟಿಕೆಯ ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳ್ಳಿಯ ಒಳಲೆಯಿಂದ ತೊಟ್ಟು ತೊಟ್ಟಾಗಿ ಹಾಕಿದಳು. ಎರಡು ದಿನ ಕಳೆದುವು, ನಾಲ್ಕು ಕಳೆದುವು. ತಾಲೂಕಿನ ಊರಿನಲ್ಲಿ ದವಾಖಾನೆ ಇದ್ದಿತು, ಡಾಕ್ಟರರೂ ಇದ್ದರು. ಪೆನ್ಸಿಲಿನ್ ಇಂಜೆಕ್ಷನ್ ಅಷ್ಟರಲ್ಲಿ ಅಪರೂಪದ ವಸ್ತುವಾಗಿರಲಿಲ್ಲ. ನಮಗೂ ಆ ಊರಿಗೂ ನಡುವೆ ಎಂಟು ಮೈಲು ಇದ್ದುವು, ಅಷ್ಟೆ. ಅಪ್ಪ ಎರಡು ಸಲ ಗಾಡಿ ಹೂಡಲೆ ಎಂದು ಕೇಳಿದ. ಹನ್ನೊಂದು ಜನರಲ್ಲಿ ಏಳು ಜನರನ್ನು ಉಳಿಸಿದ ಕೈ ಬೇಡವೆಂದಿತು. ಆರನೆಯ ದಿನ ಮಗುವಿನ ಮೂಗಿನ ಹೊಳ್ಳೆಗಳು ಅರಳತೊಡಗಿದಾಗ, ಪಕ್ಕೆ ಸೆಳೆಯತೊಡಗಿದಾಗ ಗಾಡಿ ಹೂಡಿದರು. ದಾರಿಯಲ್ಲಿಯೇ, ಹಳ್ಳ ದಾಟುವುದರೊಳಗೆ, ಅವಳು ಹೋದಳು.

ಅಜ್ಜಿ ಆಮೇಲೆ ಒಂದು ವರ್ಷ ಕಷಾಯ ಮಾಡಲಿಲ್ಲ. ಆ ಡಬ್ಬಿಯನ್ನು ಮುಟ್ಟಲಿಲ್ಲ. ಆ ವರ್ಷವೇ ನಮ್ಮ ಮನೆಯಲ್ಲಿ ಹೊತ್ತು ಹೊತ್ತಿಗೆ ಚಹಾ ಆಗತೊಡಗಿದ್ದು, ತಾಯಿಯ ಕೈಯಿಂದ. ನಮ್ಮ ಮನೆಗೆ ಚಹಾ ಬಂದ ಇತಿಹಾಸದಲ್ಲಿ ಸೆಸ್ಸಿನ ಕಾಯ್ದೆಗಿಂತ, ಅಮಗೂರಿಯ ಯಂತ್ರಕ್ಕಿಂತ ಇದರ ಪಾಲು ದೊಡ್ಡದು. ಮರುವರ್ಷ ಮೂಡಗಾಳಿ ಎದ್ದಾಗ ಒಂದು ಬೆಳಿಗ್ಗೆ ಯಾರೂ ಹೇಳದೆಯೇ ಅವಳು ಹವೀಜ ಹುರಿಯಲು ಕುಳಿತಳು. ಆದರೆ ಅಂದಿನಿಂದ ಅವಳ ಕಷಾಯಕ್ಕೆ ಒಂದು ಕಟ್ಟು ಬಿದ್ದಿತು. ನೆರೆಹೊರೆಯ ಯಾರೇ ಪುಡಿ ಕೇಳಲು ಬರಲಿ, ಕೊಟ್ಟು ಹೇಳುವಳು: 'ಮೂರ ದಿನ ನೋಡ್ರಿ. ಕೂಸಿಗಾದ್ರ ಒಂದ ದಿನ. ಜ್ವರ ಇದ್ರ ಅದೂ ಬ್ಯಾಡ, ಗಾಡಿ ಹೂಡ್ರಿ.' ಗಾಡಿ ಇಲ್ಲದವರಿಗೆ ನಮ್ಮ ಗಾಡಿಯನ್ನು ಕೊಡಿಸುವಳು. ಅಕ್ಷರ ಬಾರದ ಅವಳು ೧೯೮೪ರಲ್ಲಿ ತೀರಿಕೊಳ್ಳುವವರೆಗೂ ಈ ಮಾತನ್ನು ಬಿಡಲಿಲ್ಲ. ಗ್ರಂಥಗಳಲ್ಲಿ ಪಾಠಾಂತರವೆಂದು ನಾವು ಕರೆಯುವಂಥದು ಅವಳ ಕಷಾಯದಲ್ಲಿ ಇದೊಂದೇ.

ಕಷಾಯಕ್ಕೆ ಊರೂರಿಗೆ ಭೇದವುಂಟು. ಕಲಘಟಗಿಯ ಕಡೆಯ ನೆಂಟರ ಮನೆಯಲ್ಲಿ ಕಾಡಿನ ಲಾವಂಚದ ಬೇರು ಬೀಳುತ್ತಿದ್ದಿತು. ಹಾಲು ಹಾಕುವ ರೂಢಿಯೂ ಅಲ್ಲಿಯದೇ. ಕುಂದಗೋಳ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಹುಡುಗರಾಗಿ ಬಂದು ಗುರುಗೃಹವಾಸ ಮಾಡಿದ ಊರು. ಆ ಊರಿನ ಒಂದು ಸಂಗೀತದ ಮನೆಯಲ್ಲಿ ನನಗೆ ಕೊಟ್ಟ ಕಷಾಯದಲ್ಲಿ ಜೇಷ್ಠಮಧು ಮುಂದಾಗಿದ್ದಿತು, ಬೆಲ್ಲ ಹಿಂದಾಗಿದ್ದಿತು. ಕಂಠಕ್ಕೆ ಒಳ್ಳೆಯದೆಂದರು. ರಕ್ತದ ಒತ್ತಡವಿರುವವರು ಜೇಷ್ಠಮಧುವನ್ನು ದಿನವೂ ಸೇವಿಸಬಾರದೆಂದು ಈಗಿನ ವೈದ್ಯರು ಹೇಳುತ್ತಾರೆ. ನನಗೆ ಆ ಒತ್ತಡ ಇರುವುದರಿಂದ ನನ್ನ ಪುಡಿಯಲ್ಲಿ ಅದನ್ನು ಬಿಟ್ಟಿದ್ದೇನೆ.

೨೦೨೦ರಲ್ಲಿ ಕೊರೋನಾ ಬಂದಾಗ ಕೇಂದ್ರದ ಆಯುಷ್ ಮಂತ್ರಾಲಯವು ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಶುಂಠಿ ಎರಡು, ಮೆಣಸು ಒಂದು ಪಾಲು ಎಂದು ಒಂದು ಕ್ವಾಥವನ್ನು ಸೂಚಿಸಿತು. ದಿನಕ್ಕೆ ಒಂದೆರಡು ಸಲ ಸಾಕೆಂದೂ ಹೇಳಿದ್ದಿತು. ನಮ್ಮ ಓಣಿಯಲ್ಲಿ ಆರು ಸಲ ಕುಡಿದು ಹೊಟ್ಟೆ ಉರಿಸಿಕೊಂಡವರನ್ನು ನಾನು ಬಲ್ಲೆ. ಅರ್ಧ ಶತಮಾನ ಕಷಾಯವನ್ನು ಮೂಸಿಯೂ ನೋಡದಿದ್ದವರು ಅಳತೆ ಕೇಳಿ ಫೋನು ಮಾಡಿದರು. ಅಜ್ಜಿಯ ಅಳತೆ ಬೊಗಸೆ, ಚಿಟಿಕೆ, ಹಿಡಿಗಳಲ್ಲಿದ್ದಿತು. ಅವಳ ಬೊಗಸೆ ನನ್ನದಲ್ಲ. ಹೀಗಾಗಿ ತಕ್ಕಡಿ ಹಿಡಿದು ಕುಳಿತು, ನಾಲಗೆಯ ನೆನಪಿಗೆ ಒಪ್ಪುವವರೆಗೆ ಮೂರು ಸಲ ಮಾಡಿ ನೋಡಿದೆ. ಅದನ್ನು ಇಲ್ಲಿಯೂ ಹೇಳಿಬಿಡುತ್ತೇನೆ.

ಹವೀಜ ೨೦೦ ಗ್ರಾಂ, ಜೀರಿಗೆ ೫೦, ಒಣಶುಂಠಿ ೨೫, ಮೆಣಸು ೧೫, ಏಲಕ್ಕಿ ಹತ್ತು ಕಾಯಿ. ಹವೀಜವನ್ನೂ ಜೀರಿಗೆಯನ್ನೂ ಬೇರೆ ಬೇರೆ ಹುರಿಯಬೇಕು, ಸಣ್ಣ ಉರಿಯಲ್ಲಿ, ಘಮ ಏಳುವವರೆಗೆ ಮಾತ್ರ, ಕಂದಿದರೆ ಕಹಿ. ಮೆಣಸು ಬೆಚ್ಚಗಾದರೆ ಸಾಕು. ಶುಂಠಿಯನ್ನು ಹುರಿಯದೆ ಕುಟ್ಟಬೇಕು. ಹಸಿಶುಂಠಿ ಒಣಗುವಾಗ ಅದರೊಳಗಿನ ಖಾರದ ಅಂಶ ರೂಪಾಂತರ ಹೊಂದಿ ಇನ್ನೂ ಖಾರವಾಗುತ್ತದೆ. ಆದುದರಿಂದ ಹಸಿಯದರ ಅಳತೆ ಒಣಗಿದ್ದಕ್ಕೆ ಸಲ್ಲದು. ಪುಡಿ ನುಣ್ಣಗೆ ಬೇಡ, ರವೆಯಂತಿರಲಿ. ಎರಡು ಬಟ್ಟಲು ನೀರಿಗೆ ಒಂದು ಚಮಚ ಪುಡಿ. ನೀರು ಒಂದೂವರೆ ಬಟ್ಟಲಿಗೆ ಇಳಿಯುವವರೆಗೆ ಕುದಿಯಬೇಕು. ತುಳಸಿ ಅಥವಾ ಗವತಿ ಚಹಾ ಹಾಕುವುದಿದ್ದರೆ ಇಳಿಸಿದ ಮೇಲೆ ಹಾಕಿ ಮುಚ್ಚಬೇಕು. ಅವುಗಳ ಸುವಾಸನೆ ಆವಿಯೊಡನೆ ಹಾರಿಹೋಗುವಂಥದು. ಬೆಲ್ಲವೂ ಆಮೇಲೆಯೇ. ಹಾಲು ಬೇಕಾದವರು ಬೆಲ್ಲ ಕರಗಿ, ಕುದಿ ನಿಂತ ಮೇಲೆ ಹಾಕಬೇಕು, ಇಲ್ಲವಾದರೆ ಒಡೆಯುತ್ತದೆ.

ಫೋನು ಮಾಡಿದವರಿಗೆಲ್ಲ ಈ ಅಳತೆ ಹೇಳಿ, ಕೊನೆಗೆ ಅಜ್ಜಿಯ ಮೂರು ದಿನದ ಮಾತನ್ನೂ ಹೇಳುತ್ತಿದ್ದೆ. ಕೆಲವರು ಅದನ್ನು ಬರೆದುಕೊಂಡರು, ಕೆಲವರು ನಕ್ಕರು. ಬೆಂಗಳೂರಿನಲ್ಲಿರುವ ನನ್ನ ಸೊಸೆ ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದಾಳೆ. ಒಂದು ಕಡೆ ಪುಡಿ ಮಾಡಿದ ತಾರೀಖು, ಅದರ ಕೆಳಗೆ 'ಕೂಸಿಗೆ ಒಂದು ದಿನ' ಎಂದು.